ತಪ್ಪಲೆಯ ಒಳಗೆ ಹಾಕಿದ ಗುರುತು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲಿನವನು ಅಳೆದು ಸುರಿದ ಮೇಲೆ ನೊರೆ ಇಳಿಯುವವರೆಗೂ ಅವನನ್ನು ನಿಲ್ಲಿಸಿಕೊಂಡು ಪಾತ್ರೆ ನೋಡಿದೆ. ಹಾಲು ಕಾಯಿಸಿ ಎರಡು ಲೋಟ ಕಾಫಿ ಮಾಡಿದೆ. ರಾಗಿ ಕೇರಿ ಡಬ್ಬಿಗೆ ತುಂಬಿದೆ. ನೆನೆಹಾಕಿದ್ದ ಬಟ್ಟೆ ಒಗೆದು, ಮಹಡಿಯ ಮೇಲೆ ಒಣಗಿಹಾಕಿ, ಎಣಿಸಿಕೊಂಡು ಕೆಳಗೆ ಬಂದೆ. ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಎರಡನ್ನು ಅಂಗಡಿಗೆ ವಾಪಸು ಕಳಿಸಿದೆ. ದೀಪಕ್ಕೆ ಬತ್ತಿ ಹೊಸೆದೆ. ಹನ್ನೊಂದು ಗಂಟೆಯ ಹೊತ್ತಿಗೆ ಮಿಕ್ಸಿಯ ಜಾರನ್ನು ರಿಪೇರಿಗೆ ಕೊಡಲು ಹೊರಟೆ. ಹೊರಡುವ ಮೊದಲು ಅದರ ತಳದಲ್ಲಿ, ಯಾರಿಗೂ ಕಾಣದ ಹಾಗೆ, ಉಗುರಿನ ಬಣ್ಣದಿಂದ ಒಂದು ಚುಕ್ಕಿ ಇಟ್ಟೆ.

ಆ ಚುಕ್ಕಿ ನಮ್ಮ ಯಜಮಾನರ ಕಣ್ಣಿಗೆ ಬಿತ್ತು.

"ಜಾರಿಗೆ ಯಾಕೆ ಬೊಟ್ಟು ಇಡ್ತಿದ್ದೀಯ? ಗಂಡು ನೋಡಕ್ಕೆ ಬರ್ತಾನಾ?"

"ಗುರುತಿಗೆ."

"ಆ ರಿಪೇರಿಯವನ ಅಂಗಡೀಲಿ ಐವತ್ತು ಜಾರು ಬಿದ್ದವೆ. ನಿನ್ನ ಹಳೇ ಜಾರಿನ ಮೇಲೇ ಕಣ್ಣಾ ಅವನಿಗೆ?"

"ಐವತ್ತು ಬಿದ್ದವೆ ಅಂತಲೇ ಇಟ್ಟಿದ್ದು."

ನೀವೂ ನಗುತ್ತಿರಬಹುದು. ನಗಿ. ಆದರೆ ಹುಣಸೂರಿನ ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಾನು ಗುರುತು ಮಾಡದೆ ಯಾರ ಕೈಗೂ ಏನನ್ನೂ ಕೊಟ್ಟವಳಲ್ಲ. ಕೊಡೆಗೆ ಒಳಗಡೆ ಒಂದು ಹೊಲಿಗೆ, ಚಪ್ಪಲಿಯ ಅಟ್ಟೆಗೆ ಒಂದು ಗೀರು, ಗಡಿಯಾರದ ಪಟ್ಟಿಗೆ ಪಿನ್ನಿನ ತೂತು. ಇದು ನನ್ನ ಅಜ್ಜಿ, ಎಂದರೆ ಅಪ್ಪನ ತಾಯಿ, ಕಲಿಸಿದ ಬುದ್ಧಿ. ಗುರುತನ್ನು ಎಲ್ಲಿ ಹಾಕಬಾರದು ಎನ್ನುವುದನ್ನು ಮಾತ್ರ ನಾನೇ ಕಲಿತೆ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ನಮ್ಮ ತವರು ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರಿನಿಂದ ಒಳಗೆ ಮೂರು ಮೈಲಿ. ಆ ಮನೆಯಲ್ಲಿ ಅನುಮಾನ ಎನ್ನುವುದು ಕಸ ಗುಡಿಸಿದ ಹಾಗೆ ದಿನಾ ಮಾಡಬೇಕಾದ ಕೆಲಸವಾಗಿತ್ತು. ಮಾಡದಿದ್ದರೆ ಸೋಮಾರಿಗಳು ಎನ್ನುತ್ತಿದ್ದರು. ಕೈಕಸುಬಿನವರು ಯಾರೇ ಬರಲಿ, ಅವರ ಎದುರು ಮನೆಯವರೊಬ್ಬರು ಕೂತು ನೋಡಬೇಕು. ಕೂತವರು ಎಲೆ ಅಡಿಕೆ ಹಾಕುವ ಹಾಗಿಲ್ಲ, ಯಾಕೆಂದರೆ ಉಗುಳಲು ಏಳಬೇಕಾಗುತ್ತದೆ.

ರಾವಂದೂರಿನ ಟೈಲರ್ ಬಟ್ಟೆ ಹೊಲಿದು ಕೊಡುವಾಗ ಕತ್ತರಿಸಿ ಉಳಿದ ಚಿಂದಿಯನ್ನೆಲ್ಲ ಗಂಟು ಕಟ್ಟಿ ಜೊತೆಗೇ ಕೊಡಬೇಕಿತ್ತು. ಅಜ್ಜಿ ಚಾಪೆಯ ಮೇಲೆ ಹೊಲಿದ ಅಂಗಿಯನ್ನು ಹರಡಿ, ಸುತ್ತ ಚಿಂದಿ ಜೋಡಿಸಿ, ಕೊಟ್ಟ ಬಟ್ಟೆ ಪೂರ್ತಿ ಬಂದಿದೆಯೇ ಎಂದು ಕೂಡಿಸಿ ನೋಡುತ್ತಿದ್ದಳು. ಒಂದು ಸಲ ಅಂಗೈ ಅಗಲ ಬಟ್ಟೆ ಕಡಿಮೆ ಬಂತು. ಬಿಸಿಲಲ್ಲಿ ಮೂರು ಮೈಲಿ ನಡೆದು ಟೈಲರ್‌ನ ಮುಂದೆ ನಿಂತೆವು. ಅವನು ಅಂಗಿಯನ್ನು ಒಳಗು ಹೊರಗು ಮಾಡಿ ತೋರಿಸಿದ. ಅಪ್ಪನ ಅಂಗಿಗೆ ಒಳಜೇಬು ಇಡು ಎಂದು ಅಜ್ಜಿಯೇ ಹೇಳಿದ್ದಳು.

ಪಿರಿಯಾಪಟ್ಟಣದ ಅಕ್ಕಸಾಲಿಯ ಅಂಗಡಿಗೆ ಹೋದರೆ ಇನ್ನೂ ಕಷ್ಟ. ಓಲೆ ಕರಗಿಸುವಾಗ ರೆಪ್ಪೆ ಬಡಿಯಬಾರದು. "ಅಮ್ಮಿ, ನಾನು ಕಣ್ಣು ಮುಚ್ಚಿ ತಗಿಯೋವಾಗ ನೀನು ಬುಟ್ಕೊಂಡಿರು, ನೀನು ಮುಚ್ದಾಗ ನಾನು ಬುಟ್ಕೊಂಡಿರ್ತೀನಿ" ಎಂದು ಅಜ್ಜಿ ಪಾಳಿ ಹಾಕಿದ್ದಳು. ನಾವಿಬ್ಬರೂ ಹೀಗೆ ಸರದಿಯ ಮೇಲೆ ಕಣ್ಣು ಪಿಳಿಪಿಳಿ ಬಿಡುವುದನ್ನು ನೋಡಿ ಅಕ್ಕಸಾಲಿ, "ಹೊಗೆ ಆಯ್ತಾ ಅವ್ವಾರೆ? ಬಾಗಿಲ ಹತ್ರ ಕೂತ್ಕೊಳಿ" ಎಂದ. ನಮ್ಮನ್ನು ದೂರ ಕೂರಿಸುವ ಉಪಾಯ ಎಂದು ಅಜ್ಜಿ ಇನ್ನೂ ಮುಂದಕ್ಕೆ ಸರಿದಳು. ಬೈಲಕುಪ್ಪೆಯಿಂದ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿನ ಹೆಂಗಸು ಮಾತ್ರ ಅಜ್ಜಿಗೆ ಸರಿಯಾದ ಜೋಡಿ. ಉಣ್ಣೆ ಹೌದೋ ಅಲ್ಲವೋ ಎಂದು ಅಜ್ಜಿ ಒಂದು ಎಳೆ ಕಿತ್ತು ಸುಟ್ಟು ಮೂಸುವ ಮೊದಲೇ, ಅವಳೇ ಎಳೆ ಕಿತ್ತು ಬೆಂಕಿಪೊಟ್ಟಣದ ಜೊತೆ ಕೈಗೆ ಕೊಡುತ್ತಿದ್ದಳು. ಇಷ್ಟು ಸಲೀಸಾಗಿ ಕೊಡುತ್ತಾಳಲ್ಲ ಎಂದು ಅಜ್ಜಿಗೆ ಅದೂ ಅನುಮಾನ.

ಇನ್ನು ಕಲಾಯಿ. ಆಗ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಮ್ಮ ಕಡೆ ಹಿತ್ತಾಳೆ ಪಾತ್ರೆ ಇನ್ನೂ ಅಟ್ಟ ಸೇರಿರಲಿಲ್ಲ. ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಬಿಟ್ಟು ಊಟ ವಿಷವಾಗುತ್ತದೆ. ಹಾಗಾಗದಿರಲು ಪಾತ್ರೆಯ ಒಳಮೈಗೆ ವರ್ಷಕ್ಕೊಮ್ಮೆ ತವರ ಬಳಿಸಬೇಕು. ಅದೇ ಕಲಾಯಿ. ಯುಗಾದಿ ಕಳೆದು ಮೊದಲ ಮಳೆ ಬೀಳುವುದರ ಒಳಗೆ ಹುಣಸೂರಿನಿಂದ ಬುಡೇನ್ ಸಾಬ್ರು, ಅವರ ಹೆಂಡತಿ ಫಾತಿಬಿ ಬರುತ್ತಿದ್ದರು. ಊರ ಮುಂದಿನ ಹೊಂಗೆಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ತುಂಬಿ, ಗಾಳಿಯೂದುವ ತಿದಿ ಹೂಡಿದರೆ ಎಂಟು ದಿನ ಅಲ್ಲೇ ಬಿಡಾರ. ಮನೆಮನೆಯಿಂದ ಪಾತ್ರೆ ಬಂದು ಮರದ ಬುಡದಲ್ಲಿ ರಾಶಿ ಬೀಳುತ್ತಿತ್ತು. ನಮ್ಮೂರೊಂದೇ ಅಲ್ಲ, ಸುತ್ತಿನ ಏಳೆಂಟು ಹಳ್ಳಿಗಳ ಪಾತ್ರೆಯೂ ಆ ಮರದ ಕೆಳಗೇ ಬರಬೇಕು.

ಸಾಬ್ರು ತೆಳ್ಳಗೆ, ಎತ್ತರ, ಮಾತು ಕಡಿಮೆ. ಮಾತೆಲ್ಲ ಫಾತಿಬಿಯದು. ಪಾತ್ರೆಯೊಳಗೆ ಮರಳು ಹಾಕಿ, ಅದರ ಮೇಲೆ ಗೋಣಿ ಚೂರಿಟ್ಟು, ಸಾಬ್ರು ಎರಡೂ ಕಾಲು ಪಾತ್ರೆಯಲ್ಲಿಟ್ಟು ನಿಂತು ಸೊಂಟವನ್ನು ಅತ್ತ ಇತ್ತ ತಿರುಗಿಸಿ ತಿಕ್ಕುತ್ತಿದ್ದರು. ಆಮೇಲೆ ಕೆಂಡದ ಮೇಲೆ ಪಾತ್ರೆ ಇಟ್ಟು, ಕಾದಾಗ ಚಿಟಿಕೆ ನವಸಾಗರ ಎಸೆದರೆ ಬುಸ್ಸೆಂದು ಬಿಳಿ ಹೊಗೆ. ಅದರ ಹಿಂದೆಯೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಹಳದಿ ಪಾತ್ರೆಯ ಹೊಟ್ಟೆ ಬೆಳ್ಳಿಯಾಗುತ್ತಿತ್ತು. ಆ ಹೊಗೆ ಎಬ್ಬಿಸುವುದೇ ಪಾತ್ರೆ ಬದಲಾಯಿಸುವುದಕ್ಕೆ ಎಂದು ಅಜ್ಜಿಯ ನಂಬಿಕೆ. ಹಾಗಾಗಿ ಪ್ರತಿವರ್ಷ ಹೊಗೆಯೊಳಗೇ ತಲೆ ತೂರಿಸಿ ಕೆಮ್ಮುತ್ತಾ ಕೂರುತ್ತಿದ್ದಳು.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆ. ಅಜ್ಜಿಗೆ ಮಂಡಿ ಊದಿಕೊಂಡು ಜಗಲಿಯಿಂದ ಇಳಿಯಲು ಆಗುತ್ತಿರಲಿಲ್ಲ. ಕಾವಲಿನ ಕೆಲಸ ನನಗೆ ಬಂತು.

ಆ ವರ್ಷ ಕಲಾಯಿ ಹಾಕಿಸಬೇಕಾದದ್ದು ಒಂದೇ ಪಾತ್ರೆ, ಸಾಮಾನ್ಯದ್ದಲ್ಲ. ನಮ್ಮವ್ವನ ಮದುವೆಗೆ ಕೆ.ಆರ್. ನಗರದ ಕಡೆಯ ತವರಿನವರು ಕೊಟ್ಟಿದ್ದ ದೊಡ್ಡ ಹಿತ್ತಾಳೆ ತಪ್ಪಲೆ. ಅದರ ಭುಜದ ಹತ್ತಿರ ಅಂಗೈ ಇಡುವಷ್ಟು ತಗ್ಗು. ಸೊಟ್ಟ ತಪ್ಪಲೆ ಎಂದೇ ಅದರ ಹೆಸರು. ದಿಬ್ಬಣದ ಲಾರಿಯಿಂದ ಇಳಿಸುವಾಗ ಗಂಡಿನ ಕಡೆಯವರು ಬೀಳಿಸಿದರು ಎಂದು ಅವ್ವ. ಬರುವಾಗಲೇ ಸೊಟ್ಟ ಇತ್ತು, ಸೊಟ್ಟದ್ದನ್ನೇ ಕೊಟ್ಟು ಕಳಿಸಿದರು ಎಂದು ಅಜ್ಜಿ. ಹದಿನೆಂಟು ವರ್ಷ ಇದೇ ಮಾತು. ಅವ್ವ ಅಜ್ಜಿಯೆದುರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಪ್ಪಲೆ ತೊಳೆಯುವಾಗ ಆ ತಗ್ಗಿನ ಹತ್ತಿರ ಬಂದಾಗ ಸ್ವಲ್ಪ ಜೋರಾಗಿ ತಿಕ್ಕುತ್ತಿದ್ದಳು. ಅಜ್ಜಿಗೆ ಅರ್ಥವಾಗುತ್ತಿತ್ತು. ತವರಿನದು ಎಂದು ಅವ್ವನಿಗೆ ಆ ಮನೆಯಲ್ಲಿ ಉಳಿದಿದ್ದುದು ಅದೊಂದೇ ಪಾತ್ರೆ.

ಅಂಥದ್ದನ್ನು ಹೊರಗೆ ಕಳಿಸುವಾಗ ನಾನು ಬುದ್ಧಿವಂತಿಕೆ ತೋರಿಸಬೇಡವೇ? ಆ ದಿನಗಳಲ್ಲಿ ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಪತ್ತೇದಾರಿ ಧಾರಾವಾಹಿಯ ಹುಚ್ಚು ನನಗೆ. ಅವ್ವ ಹಿತ್ತಲಿಗೆ ಹೋದಾಗ ಒಂದು ಮೊಳೆ, ಒಂದು ಗುಂಡುಕಲ್ಲು ತಂದು, ತಪ್ಪಲೆಯ ಒಳಗೆ ತಳದ ನಡುವೆ ಠಣ್ ಠಣ್ ಠಣ್ ಎಂದು ಮೂರು ಚುಕ್ಕಿ ಹೊಡೆದೆ. ಹೊರಗೆ ಹಾಕಿದರೆ ಕಳ್ಳ ನೋಡಿ ಅಳಿಸಿಬಿಡುತ್ತಾನೆ, ಒಳಗೆ ಹಾಕಿದರೆ ಅವನಿಗೆ ಕಾಣುವುದಿಲ್ಲ ಎಂದು ನನ್ನ ಲೆಕ್ಕ. ಹತ್ತು ವರ್ಷ ಶಾಲೆಗೆ ಹೋದವಳು, ಪ್ರತಿವರ್ಷ ಕಲಾಯಿ ಹಾಕುವುದನ್ನು ಬಾಯಿಬಿಟ್ಟುಕೊಂಡು ನೋಡಿದವಳು, ಆ ಬಿಳಿ ಬಣ್ಣ ಪಾತ್ರೆಯ ಯಾವ ಮಗ್ಗುಲಿಗೆ ಬೀಳುತ್ತದೆ ಎಂದು ಒಂದು ಕ್ಷಣ ಯೋಚಿಸಲಿಲ್ಲ.

ಮಧ್ಯಾಹ್ನ ಮರದ ಕೆಳಗೆ ಹೋಗಿ ಕೂತೆ. ನಮ್ಮ ತಪ್ಪಲೆಯ ಮುಂದೆ ನಾಲ್ಕು ಮನೆಯ ಪಾತ್ರೆಗಳಿದ್ದವು. ಬಿಸಿಲು, ಹೊಗೆ, ನೊಣ. ಅಷ್ಟರಲ್ಲಿ ಆ ವಾರದ ಪತ್ರಿಕೆ ಬಂದಿದೆ ಎಂದು ತಿಳಿಯಿತು. ಕೊಲೆಗಾರ ಯಾರು ಎಂದು ಗೊತ್ತಾಗುವ ಕಂತು. ಈಗ ಬರುತ್ತೇನೆ ಎಂದುಕೊಂಡು ಎದ್ದು, ಹಿಂಬಾಗಿಲಿನಿಂದ ಒಳಸೇರಿ, ರಾಗಿ ತುಂಬುವ ವಾಡೆಯ ಮರೆಯಲ್ಲಿ ಕೂತು ಓದಿದೆ. ಎರಡು ಸಲ ಓದಿದೆ. ಎದ್ದು ಹೊರಗೆ ಬರುವಷ್ಟರಲ್ಲಿ ಬಿಸಿಲು ಬಾಗಿತ್ತು, ಸಾಬ್ರು ತಾವೇ ತಪ್ಪಲೆಯನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟು ಹೋಗಿದ್ದರು. ಅಜ್ಜಿ ನಿದ್ದೆಯಲ್ಲಿದ್ದಳು. ನಾನು ಅದನ್ನು ಎತ್ತಿ ಅಡುಗೆಮನೆಯ ಕತ್ತಲೆಯಲ್ಲಿಟ್ಟು ಸುಮ್ಮನಾದೆ.

ಮಾರನೆಯ ಬೆಳಿಗ್ಗೆ ಅಜ್ಜಿ ತಪ್ಪಲೆಯನ್ನು ಜಗಲಿಗೆ ತರಿಸಿ ಎತ್ತಿ ನೋಡಿದಳು. ಕೆಳಗಿಟ್ಟಳು. ಮತ್ತೆ ಎತ್ತಿದಳು.

"ಅಗುರ ಆಗದೆ ಕಣಮ್ಮಿ."

ಆಮೇಲೆ ಕೈಯಾಡಿಸಿದಳು. ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು.

"ಸೊಟ್ಟ ಎಲ್ಲಮ್ಮಿ? ಇದು ನಮ್ದಲ್ಲ."

ಎದುರು ಮನೆಯ ಪುಟ್ಟಮ್ಮತ್ತೆ ಬಾಗಿಲಿಗೆ ರಂಗೋಲಿ ಬಿಡುತ್ತಿದ್ದವಳು ಅಲ್ಲಿಂದಲೇ ಎದ್ದು ಬಂದಳು. ನಾನು ಒಳಗೆ ಬಗ್ಗಿ ನೋಡಿದೆ. ತಪ್ಪಲೆಯ ತಳದಲ್ಲಿ ನನ್ನ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಮೂರು ಚುಕ್ಕಿ ಇರಲಿಲ್ಲ. ಪತ್ತೇದಾರನಿಗೆ ಸುಳಿವು ಸಿಕ್ಕ ಹಾಗೆ ನನ್ನ ಎದೆ ಹಾರಿತು. ಗುರುತು ಹಾಕಿದ್ದನ್ನೂ ಅದೀಗ ಇಲ್ಲದಿರುವುದನ್ನೂ ಹೇಳಿದೆ. ಒಳಗೋ ಹೊರಗೋ ಎಂದು ಯಾರೂ ಕೇಳಲಿಲ್ಲ.

"ಓದ್ಸಿದ್ದು ಸಾರ್ಥಕ ಆಯ್ತು" ಎಂದಳು ಅಜ್ಜಿ. ಅವಳ ಬಾಯಿಂದ ನನಗೆ ಬಂದ ಮೊದಲ ಹೊಗಳಿಕೆ. ಆಮೇಲೆ ಕೇಳಿದಳು: "ನೀನು ಅಲ್ಲೇ ಕುಂತಿದ್ದೆ ತಾನೆ?"

"ಕುಂತಿದ್ದೆ."

"ಏಳ್ನೇ ಇಲ್ವಾ?"

"ಒಂದ್ ಗಳಿಗೆ ನೀರು ಕುಡಿಯಕ್ಕೆ ಬಂದಿದ್ದೆ."

"ಆ ಗಳಿಗೇಲೇ!" ಎಂದಳು ಪುಟ್ಟಮ್ಮತ್ತೆ, ತೊಡೆ ತಟ್ಟಿ. "ಅವ್ನು ಅದ್ನೇ ಕಾಯ್ತಿದ್ದ ಕಣಕ್ಕ."

ನನ್ನ ಬೆನ್ನಿಗೆ ಬೀಳಬೇಕಾದದ್ದನ್ನು ತಪ್ಪಿಸಿಕೊಳ್ಳಲು ಒಂದೂವರೆ ಗಂಟೆಯನ್ನು ಒಂದು ಗಳಿಗೆ ಮಾಡಿದೆ. ಆ ಗಳಿಗೆಯಲ್ಲಿ ಒಬ್ಬ ಮನುಷ್ಯ ಕಳ್ಳನಾದ. ಇದನ್ನು ಇಷ್ಟು ಸ್ಪಷ್ಟವಾಗಿ ನಾನು ಬರೆಯುತ್ತಿರುವುದು ಇದೇ ಮೊದಲು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಒಂದು ಸಲ ತಪ್ಪಲೆಯನ್ನು ನೋಡಿ, "ನಮ್ಮಪ್ಪನ ಮನೇದು" ಎಂದಷ್ಟೇ ಹೇಳಿ ಒಳಗೆ ಹೋದಳು. ಒಳಗಿನಿಂದ ಸದ್ದು ಬರಲಿಲ್ಲ. ಅಳುವಾಗ ಅವಳಿಂದ ಸದ್ದು ಬರುತ್ತಿರಲಿಲ್ಲ.

ಅಜ್ಜಿ ಊದಿದ ಮಂಡಿಯನ್ನೂ ಮರೆತು, ನನ್ನ ಹೆಗಲು ಹಿಡಿದು ಹೊಂಗೆಮರದ ಹತ್ತಿರ ಹೊರಟಳು. ತಪ್ಪಲೆ ಪುಟ್ಟಮ್ಮತ್ತೆಯ ಸೊಂಟದ ಮೇಲೆ. ದಾರಿಯಲ್ಲಿ ಯಾರು ಏನು ಎಂದು ಕೇಳಿದರೂ ಪುಟ್ಟಮ್ಮತ್ತೆ ಹೇಳಿದಳು, ಕೇಳದವರಿಗೂ ಹೇಳಿದಳು. ನಾವು ಮರ ಮುಟ್ಟುವಷ್ಟರಲ್ಲಿ ಹಿಂದೆ ಇಪ್ಪತ್ತು ಜನ. ಬಂದವರು ಮೊದಲು ಮಾಡಿದ ಕೆಲಸ, ರಾಶಿಯಲ್ಲಿದ್ದ ತಮ್ಮ ತಮ್ಮ ಪಾತ್ರೆ ಹುಡುಕಿ ಎತ್ತಿಕೊಂಡದ್ದು. ಕಲಾಯಿ ಆಗಿದ್ದವೂ ಹೋದವು, ಆಗದಿದ್ದವೂ ಹೋದವು. ಸಾಬ್ರು ತಿದಿಯ ಹತ್ತಿರ ಎದ್ದು ನಿಂತು ರಾಶಿ ಕರಗುವುದನ್ನು ನೋಡುತ್ತಿದ್ದರು. ಊರ ಯಜಮಾನರ ಮನೆ ಎಂದು ಹೆಸರಾದ ನಮ್ಮ ಮನೆಯವರು ಕಳ್ಳ ಎಂದುಬಿಟ್ಟರೆ ಸುತ್ತಿನ ಯಾವ ಹಳ್ಳಿಯಲ್ಲೂ ಅವರ ಕೈಗೆ ಯಾರೂ ಒಂದು ಚೊಂಬನ್ನೂ ಕೊಡುತ್ತಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ಸಾಬಣ್ಣ, ನಮ್ ತಪ್ಪಲೆ ಎಲ್ಲಿ?" ಎಂದಳು ಅಜ್ಜಿ.

"ನಿಮ್ ಕೈಲೇ ಅದಲ್ಲಾ ಅವ್ವಾ."

"ಇದು ನಮ್ದಲ್ಲ. ಸೊಟ್ಟ ಎಲ್ಲೋಯ್ತು?"

"ನಾನೇ ತಗ್ದೆ. ನನ್ ಎಂಡ್ತಿ ಅಂದ್ಲು, ಇಂಥಾ ಒಳ್ಳೆ ತಪ್ಪಲೆ ಮಕ ಸೊಟ್ಟ ಮಾಡ್ಕೊಂಡು ಕುಂತದಲ್ಲಾ, ನಾಕೇಟು ಆಕಿ ಅಂತ. ಆಕ್ದೆ."

"ಯಾರು ಕೇಳಿದ್ರು ನಿನ್ನ?"

"ಯಾರೂ ಕೇಳ್ನಿಲ್ಲ."

"ನೋಡಿದ್ರಾ!" ಎಂದಳು ಪುಟ್ಟಮ್ಮತ್ತೆ ಜನರ ಕಡೆ ತಿರುಗಿ. "ಕೇಳ್ದೆ ಇದ್ರೂ ಕೆಲ್ಸ ಮಾಡಿವ್ನಂತೆ."

ಜನ ಗುಜುಗುಜು ಎಂದರು. ಕೇಳದೆ, ಸುಮ್ಮನೆ, ಚೆನ್ನಾಗಿರಲಿ ಎಂದು ಒಬ್ಬರು ಕೆಲಸ ಮಾಡುತ್ತಾರೆ ಎಂಬುದು ನಮ್ಮೂರಿನವರು ಕಂಡರಿಯದ ಸಂಗತಿ. ಅದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಿರಲಿಲ್ಲ.

"ಸರಿ, ಅಗುರ ಯಾಕಾಗದೆ?"

"ತಳದಲ್ಲಿ ಬೆರಳು ದಪ್ಪ ಮಸಿ ಇತ್ತು ಅವ್ವಾ, ಕೆರ್ದಿವ್ನಿ. ಅಲ್ಲೇ ಬಿದ್ದದೆ ನೋಡಿ."

ಫಾತಿಬಿ ಅಲ್ಲಿಯವರೆಗೂ ಹೇಗೆ ಸುಮ್ಮನಿದ್ದಳೋ. "ತಕ್ಕೊಂಡೋಗಿ ಅವ್ವಾರೆ, ಮಸೀನೂ ತೂಗಿ" ಎಂದಳು. "ನಾಳೆ ಅದ್ರಲ್ಲೂ ಒಂದ್ ಚಿಟ್ಕೆ ಕಮ್ಮಿ ಬಂದ್ರೆ ನಾವೇ ತಿಂದಿದ್ದು ಅನ್ನಿ."

"ನೀನು ಸುಮ್ಕಿರು" ಎಂದರು ಸಾಬ್ರು.

"ನಮ್ಮ ಉಡುಗಿ ಗುರ್ತು ಆಕಿದ್ಲು" ಎಂದಳು ಅಜ್ಜಿ, ಕೊನೆಯ ಬಾಣ ಬಿಡುವವಳ ಹಾಗೆ. "ಮೂರು ಚುಕ್ಕಿ. ಅದ್ನೂ ನೀನೇ ತಗ್ದಾ?"

ಸಾಬ್ರು ನನ್ನ ಕಡೆ ತಿರುಗಿದರು. ಅವರ ಹುಬ್ಬಿನ ಮೇಲೆ ಬೂದಿ ಕೂತಿತ್ತು.

"ಎಲ್ಲಾಕಿದ್ದೆ ಮಗಾ?"

"ಒಳಗೆ. ತಳದಲ್ಲಿ."

"ಒಳಗಾ?"

ಅವರು ನನ್ನನ್ನೇ ನೋಡುತ್ತಾ ನಿಂತರು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ತಪ್ಪಿದ ಮಗುವಿಗೆ ಮೇಷ್ಟ್ರು, ನೀನೇ ಇನ್ನೊಂದು ಸಲ ನೋಡು ಎಂದು ಸ್ಲೇಟು ವಾಪಸು ಕೊಡುತ್ತಾರಲ್ಲ, ಹಾಗಿತ್ತು. ಕಲಾಯಿ ಎಲ್ಲಿಗೆ ಹಾಕುತ್ತಾರೆ? ಒಳಗೆ. ನನ್ನ ಚುಕ್ಕಿ ಎಲ್ಲಿದ್ದವು? ಒಳಗೆ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಜ್ಜಿಯ ಕೈ ನನ್ನ ಹೆಗಲ ಮೇಲಿತ್ತು. ಆ ಕೈ ಹೆಮ್ಮೆಯಿಂದ ಅಲ್ಲಿ ಕೂತು ಅರ್ಧ ಗಂಟೆಯೂ ಆಗಿರಲಿಲ್ಲ.

ಸಾಬ್ರೇ ಹೇಳಿದರು, "ಚುಕ್ಕಿ ಒಳಗೇ ಅವೆ ಅವ್ವಾ, ತವರದ ಕೆಳ್ಗೆ."

"ಬಾಯಲ್ಲಿ ಯೋಳಿದ್ರಾಯ್ತಾ?" ಎಂದಳು ಪುಟ್ಟಮ್ಮತ್ತೆ.

"ತಗ್ದು ತೋರ್ಸು" ಎಂದಳು ಅಜ್ಜಿ.

ಮಾಡಿದ ಕೆಲಸವನ್ನು ತಾನೇ ಕೆಡಿಸುವುದು ಎಷ್ಟು ಕಷ್ಟ ಎಂದು ನಾನು ಅಂದು ನೋಡಿದೆ. ಹೊಸ ಇದ್ದಿಲು ಸುರಿದರು. ಫಾತಿಬಿ ತಿದಿಯ ಮುಂದೆ ಕೂತು, ಅದು ನಮ್ಮೂರಿನವರ ಕತ್ತೇನೋ ಎನ್ನುವ ಹಾಗೆ ಒತ್ತಿದಳು. "ಈ ಊರಲ್ಲಿ ಇನ್ಮೇಕೆ ಒಂದು ತೊಟ್ಟು ನೀರು ಕುಡಿದ್ರೆ ಕೇಳಿ" ಎಂದು ಒಂದೊಂದು ಒತ್ತಿಗೂ ಹೇಳಿದಳು. ತಪ್ಪಲೆ ಕಾಯಿತು. ಹಿಂದಿನ ದಿನ ಬಳಿದಿದ್ದ ತವರ ಬೆವರಿದ ಹಾಗೆ ಹನಿಹನಿಯಾಗಿ ಕರಗಿ ತಳಕ್ಕೆ ಜಾರಿತು. ಸಾಬ್ರು ಹತ್ತಿಯಿಂದ ಒರೆಸಿ ಒರೆಸಿ ತೆಗೆದರು. ನೀರಲ್ಲಿ ಅದ್ದಿ ಆರಿಸಿ, ಮರಳು ಸುರಿದು, ಗೋಣಿ ಹಾಕಿ, ಕಾಲಿಟ್ಟು ನಿಂತು ತಿಕ್ಕಲು ಶುರುಮಾಡಿದರು. ಬೇರೆ ದಿನ ಅವರ ಸೊಂಟ ತಿರುಗುವುದನ್ನು ನೋಡಿ ನಾವು ನಗುತ್ತಿದ್ದೆವು. ಅಂದು ಯಾರೂ ನಗಲಿಲ್ಲ. ಬಹಳ ಹೊತ್ತು ತಿಕ್ಕಿದರು. ಆಮೇಲೆ ಇಳಿದು, ಮರಳು ಚೆಲ್ಲಿ, ನೀರು ಹಾಕಿ ಗಲಬರಿಸಿ, ತಪ್ಪಲೆಯನ್ನು ಬಿಸಿಲಿಗೆ ಓರೆ ಮಾಡಿ ಅಜ್ಜಿಯ ಮುಂದೆ ಹಿಡಿದರು.

ಹಳದಿ ತಳದ ನಡುವೆ ಮೂರು ಬಿಳಿ ಚುಕ್ಕಿ. ತವರವೆಲ್ಲ ಹೋದರೂ ನಾನು ಮೊಳೆಯಲ್ಲಿ ತೋಡಿದ ಗುಳಿಗಳಲ್ಲಿ ತುಂಬಿಕೊಂಡದ್ದು ಮಾತ್ರ ಹಾಗೇ ಉಳಿದು, ಮೂರು ಅಕ್ಕಿಕಾಳಿನ ಹಾಗೆ ಹೊಳೆಯುತ್ತಿತ್ತು.

ಪಾತ್ರೆ ಎತ್ತಿಕೊಂಡವರು ಅದನ್ನು ಸೆರಗಿನ ಮರೆಗೆ ಸರಿಸಿಕೊಂಡರು. ಪುಟ್ಟಮ್ಮತ್ತೆ ಮಾತ್ರ ಬಗ್ಗಿ ನೋಡಿ, "ಇವಾಗ್ಲೇ ಒಡ್ದಿರ್ಬೈದು" ಎಂದಳು.

"ಊಂ ಕಣವ್ವ" ಎಂದಳು ಫಾತಿಬಿ. "ನಲವತ್ತು ಕಣ್ಣಿನ ಮುಂದೆ ಒಡ್ದೊ. ಮೊಳೆ ನನ್ ನಾಲ್ಗೇಲಿತ್ತು."

ಯಾರೋ ಕಿಸಕ್ಕೆಂದರು. ಅಜ್ಜಿ ಬೆರಳಿನಿಂದ ಒಂದೊಂದೇ ಚುಕ್ಕಿ ಮುಟ್ಟಿ ನೋಡಿದಳು. ತಪ್ಪಾಯಿತು ಎನ್ನುವ ಮಾತು ಅವಳ ಬಾಯಲ್ಲಿ ಇರಲೇ ಇಲ್ಲ. ಎಪ್ಪತ್ತು ವರ್ಷ ಬಳಸದ ಮಾತು ಬೇಕೆಂದಾಗ ಎಲ್ಲಿ ಸಿಗುತ್ತದೆ? ಅವಳು ಹೇಳಿದ್ದು ಇಷ್ಟು:

"ಸಾಬಣ್ಣ, ಆ ಸೊಟ್ಟ ಇದ್ದಂಗೇ ಮಾಡ್ಬುಡು. ಅದಿಲ್ದೆ ನನಗೆ ಇದು ನಮ್ದು ಅನ್ನುಸ್ದು."

"ಸೊಟ್ಟ ತಗ್ಯಾದು ಗೊತ್ತು ಅವ್ವಾ" ಎಂದರು ಸಾಬ್ರು. "ಮಾಡಾದು ಕಲ್ತಿಲ್ಲ."

ಅಷ್ಟರಲ್ಲಿ ಅವ್ವ ಬಂದಳು. ಯಾರು ಹೇಳಿ ಕಳಿಸಿದರೋ. ಜನರ ನಡುವೆ ನುಸುಳಿ, ಸಾಬ್ರ ಕೈಯಿಂದ ತಪ್ಪಲೆ ತೆಗೆದುಕೊಂಡು, ಸೊಟ್ಟ ಇದ್ದ ಜಾಗದ ಮೇಲೆ ಅಂಗೈ ಇಟ್ಟಳು. ಅಂಗಡಿಯಿಂದ ತಂದ ದಿನ ಅದು ಹಾಗಿತ್ತೋ ಏನೋ, ಅವಳಿಗೇ ಗೊತ್ತು. "ಇಂಗೇ ಇರ್ಲಿ ಅತ್ತೆ" ಎಂದಳು. ಹದಿನೆಂಟು ವರ್ಷದಲ್ಲಿ ಅವಳು ಅಜ್ಜಿಯ ಮಾತಿನ ಮೇಲೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಾಬ್ರು ಎರಡನೇ ಸಲ ಕಲಾಯಿ ಹಾಕಿದರು. ಈ ಸಲ ನ್ಯಾಯವಾಗಿ ನಾನು ಕೂತು ನೋಡಿದೆ, ಕಣ್ಣು ಎತ್ತದೆ. ಎತ್ತಿದರೆ ಫಾತಿಬಿಯ ಕಣ್ಣು ಸಿಗುತ್ತಿತ್ತು. ಅವಳಿಗೆ ನೀರು ತಂದುಕೊಟ್ಟೆ. ಮುಟ್ಟಲಿಲ್ಲ. ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ, "ಆವಾಗ ನಾನು ಒಂದೇ ಗಳಿಗೆ ಅಲ್ಲ..." ಎಂದು ಶುರುಮಾಡಿದೆ.

"ಗೊತ್ತು ಬುಡು" ಎಂದಳು ಅವಳು. "ನೀನು ಎದ್ದೋದ್ ಮೇಲೆ ನಿಮ್ ತಪ್ಪಲೆ ಕಾಯ್ತಾ ಕುಂತಿದ್ದೋಳು ನಾನು. ನಿಮ್ಮೂರೋರನ್ನ ಯಾರು ನಂಬ್ತಾರೆ?"

ಅಷ್ಟು ಜನರ ಮುಂದೆ ಅದನ್ನು ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಹೇಳಿದ್ದರೂ ನನ್ನ ಮಾತೇ ನಿಲ್ಲುತ್ತಿತ್ತು, ಅವಳದಲ್ಲ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮೂರಲ್ಲಿ ಇನ್ನೊಂದು ಪದ್ಧತಿ ಇತ್ತು. ತವರದಲ್ಲಿ ಸೀಸ ಬೆರೆಸುತ್ತಾರೆ, ಅದು ಊಟಕ್ಕೆ ಇಳಿದರೆ ವಿಷ ಎಂಬ ಹೆದರಿಕೆಯಿಂದ, ಹೊಸದಾಗಿ ಕಲಾಯಿ ಹಾಕಿಸಿದ ಪಾತ್ರೆಯಲ್ಲಿ ಮೊದಲ ದಿನ ಹುಳಿಸಾರು ಮಾಡಿ ಕಲಾಯಿಯವನಿಗೇ ಮೊದಲು ಬಡಿಸುವುದು. ಅವನು ಜಗಲಿಯ ಮೇಲೆ ಉಂಡು, ಬಿಸಿಲು ಬಾಗುವವರೆಗೂ ಮನೆಯವರ ಕಣ್ಣೆದುರೇ ಇರಬೇಕು. ಅವನಿಗೆ ಏನೂ ಆಗದಿದ್ದರೆ ಆಮೇಲೆ ಮನೆಯವರ ಊಟ. ಮರ್ಯಾದೆಗೆ ಇದನ್ನು ಕಲಾಯಿಯವರ ಊಟ ಎಂದು ಕರೆಯುತ್ತಿದ್ದರು.

ಅಂದು ಅಜ್ಜಿಗೆ ಅದನ್ನು ಕೈಬಿಡುವ ಮನಸ್ಸಿತ್ತು. "ಇವತ್ತು ಅದೆಲ್ಲಾ ಬ್ಯಾಡ ಬುಡು ಸಾಬಣ್ಣ" ಎಂದಳು.

"ಬ್ಯಾಡ ಅಂದ್ರಾಯ್ತಾ?" ಎಂದಳು ಫಾತಿಬಿ. "ನಾಳೆ ನಿಮ್ಮನೇಲಿ ಯಾರಿಗಾದ್ರೂ ಒಟ್ಟೆ ನೋವು ಬಂದ್ರೆ ಅದೂ ನಮ್ ತಲೆಗೇ ಬತ್ತದೆ. ಮಾಡಿ. ತಿಂತಾರೆ."

ಮಾಡಿದೆವು. ಅವ್ವ ತಪ್ಪಲೆಯಲ್ಲಿ ಹುರುಳಿಕಾಳಿನ ಸಾರಿಗೆ ಇಟ್ಟು, ಬೇಕೆಂದೇ ಹುಣಸೆಹಣ್ಣನ್ನು ಒಂದು ಹಿಡಿ ಜಾಸ್ತಿ ಕಿವುಚಿದಳು. ಮುದ್ದೆ ತಿರುವಿದಳು. ಸಾಬ್ರು ಕೈಕಾಲು ತೊಳೆದು ಜಗಲಿಯ ತುದಿಯಲ್ಲಿ ಕೂತರು, ಮುತ್ತುಗದ ಎಲೆ ಹಾಕಿದೆ. ಫಾತಿಬಿ ಕೆಳಗಿನ ಮೆಟ್ಟಿಲ ಮೇಲೆ, ನಮಗೆ ಬೆನ್ನು ಹಾಕಿ. ಅವ್ವ ಸಾರಿನ ತಪ್ಪಲೆಯನ್ನೇ ಹೊರಗೆ ತಂದಿಟ್ಟಳು.

ಆಗ ಅಜ್ಜಿ ಒಳಗಿನಿಂದ ತನ್ನ ತಟ್ಟೆ ತರಲು ಹೇಳಿದಳು. ಜಗಲಿಯ ಮೇಲೆ, ಬೀದಿಗೆ ಕಾಣುವ ಹಾಗೆ, ಬೇರೆಯವರ ಜೊತೆ ಕೂತು ಉಂಡವಳಲ್ಲ ಅವಳು. ಊದಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿ, ಸಾಬ್ರಿಂದ ಒಂದು ಮೊಳ ಈಚೆಗೆ ಕೂತಳು. ಅವರ ಎಲೆಗೆ ಇನ್ನೂ ಸಾರು ಬಿದ್ದಿರಲಿಲ್ಲ. "ನನ್ಗಾಕು ಮೊದ್ಲು" ಎಂದಳು.

"ಅವ್ವಾ, ಪದ್ಧತಿ..." ಎಂದರು ಸಾಬ್ರು.

"ನನ್ ಪದ್ಧತಿ ನನ್ಗೆ ಗೊತ್ತು ಕಣಪ್ಪ. ಉಣ್ಣು."

ಎದುರು ಬಾಗಿಲಲ್ಲಿ ಪುಟ್ಟಮ್ಮತ್ತೆ ಬಾಯಿಗೆ ಸೆರಗು ಹಚ್ಚಿ ನೋಡುತ್ತಿದ್ದಳು. ಅಜ್ಜಿ ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ನುಂಗಿದಳು. ಹುಳಿಗೆ ಕಣ್ಣು ಕಿರಿದಾಯಿತು. ಸಾಬ್ರು ಸ್ವಲ್ಪ ಹೊತ್ತು ತಮ್ಮ ಎಲೆಯನ್ನೇ ನೋಡುತ್ತಿದ್ದು, ಆಮೇಲೆ ಉಂಡರು. ಒಂದೂವರೆ ಮುದ್ದೆ, ಎರಡು ಸಲ ಸಾರು. ಫಾತಿಬಿ ತಿರುಗಿ ಕೂತು ಅಜ್ಜಿ ಎರಡನೇ ಮುದ್ದೆ ಮುಗಿಸುವುದನ್ನೇ ನೋಡಿದಳು. ಅಜ್ಜಿ ಕೈ ತೊಳೆದು, ತೇಗಿ, ಗೋಡೆಗೆ ಒರಗಿದ ಮೇಲೆಯೇ ಫಾತಿಬಿ "ನನ್ಗೂ ಒಂದ್ ಎಲೆ ಆಕು" ಎಂದಳು. ಅವಳು ಉಂಡ ಮೇಲೆ ಅವ್ವ, ನಾನು. ಹುಳಿ ಬಹಳ ಜಾಸ್ತಿಯಾಗಿತ್ತು. ಯಾರೂ ಹೇಳಲಿಲ್ಲ.

ಮೊದಲು ನಿದ್ದೆ ಹೋದವರು ಸಾಬ್ರು. ಉಂಡ ಎಲೆ ಎತ್ತಿ ಬಿಸಾಡಿ ಬಂದು, ಟವಲು ಮುಖದ ಮೇಲೆ ಹಾಕಿಕೊಂಡು, ನಮ್ಮ ಜಗಲಿಯ ಬರಿನೆಲದ ಮೇಲೆ ಮಲಗಿದವರು ಹತ್ತು ಎಣಿಸುವುದರೊಳಗೆ ಗೊರಕೆ. ಅವರ ಪಕ್ಕದಲ್ಲೇ ಅಜ್ಜಿ ಒರಗಿದಲ್ಲೇ ಬಾಯಿ ತೆರೆದು ನಿದ್ದೆ ಹೋದಳು. ನಾನು ತಪ್ಪಲೆ ತೊಳೆಯಲು ಎತ್ತಿಕೊಂಡೆ. ಮೆಟ್ಟಿಲ ಮೇಲಿದ್ದ ಫಾತಿಬಿಗೂ ಕಣ್ಣು ಎಳೆಯುತ್ತಿತ್ತು. ಸುತ್ತಿಗೆ, ಇಕ್ಕಳ, ಉಳಿದ ತವರದ ಕಡ್ಡಿಗಳಿದ್ದ ಚೀಲವನ್ನು ಹತ್ತಿರಕ್ಕೆ ಎಳೆದು ತಲೆಯ ಕೆಳಗಿಟ್ಟುಕೊಂಡಳು, ಅದರ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ನಾನು ಅಲ್ಲಿಂದ ಹಿತ್ತಲಿಗೆ ಹೋಗುವವರೆಗೂ ಅವಳು ಕಣ್ಣು ಮುಚ್ಚಲಿಲ್ಲ.